ಲೇಪನದ ಅಡಿಯಲ್ಲಿ ಮೂರು ಕುಂಕುಮದ ಗೀಟು

ನನ್ನ ಹೆಸರು ಖಂಡಪ್ಪ, ತಂದೆ ತಿಮ್ಮಣ್ಣ. ವಯಸ್ಸು 68. ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ. ವಾಸ ಸುರಪುರ ರಸ್ತೆ, ಶಹಾಪುರ. ದಿನಾಂಕ 8-6-2022ರಂದು ನಮ್ಮ ಉಪಕಾಲುವೆಯ ಗೇಟಿನ ಮೇಲೆ ಬೇರೆಯವರು ಮಾಡಿದ ತಪ್ಪನ್ನು 12-8-2022ರಂದು ಸತ್ತ ಗೇಟ್ ನೌಕರನ ಹೆಸರಿಗೆ ಕಾಲುವೆ ಕಚೇರಿಯವರು ಬರೆದಿದ್ದಾರೆ. ಆ ಬಗ್ಗೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಮೃತ ಸುಲ್ತಾನಸಾಬ, ವಯಸ್ಸು 50, ಒಂಬತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಕಬ್ಬಿಣಕ್ಕೆ ತುಕ್ಕು ಏಕೆ ಹಿಡಿಯುತ್ತದೆ ಎಂಬ ಪಾಠ ಅವನಿಗೆ ಮಾಡಿದವನು ನಾನು. ದಿನಗೂಲಿಯ ಮೇಲೆ 31 ವರ್ಷ ಅದೇ ಗೇಟನ್ನು ಎತ್ತಿ ಇಳಿಸಿದ. ಪ್ರತಿ ವರ್ಷ ನೀರು ಬಿಡುವ ಮುಂಚೆ ತುಕ್ಕು ಕೆರೆದು ಕುಸುಬಿ ಎಣ್ಣೆ ಸವರುತ್ತಿದ್ದ. ಎರಡೂ ದಂಡೆಯ ರೈತರಿಗೆ ಇದು ಗೊತ್ತು.

ಈ ವರ್ಷ ಕಾಲುವೆ ಕಚೇರಿಯವರು ಎಣ್ಣೆಯ ಬದಲು ನ್ಯಾನೋ ಲೇಪನಕ್ಕೆ ಗುತ್ತಿಗೆ ಕೊಟ್ಟರು. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳನ್ನು ರಾಳದ ಅಂಟಿನಲ್ಲಿ ಬೆರೆಸಿ ಗಾಳಿಯ ಒತ್ತಡದಿಂದ ಸಿಂಪಡಿಸುವ ವಿಧಾನ ಅದು. ಗೇಟು ಬಿಚ್ಚಿ ಕಾರ್ಖಾನೆಗೆ ಒಯ್ಯಬೇಕೆಂದು ಕರಾರಿನಲ್ಲಿತ್ತು. ಒಯ್ಯಲಿಲ್ಲ, ದಂಡೆಯ ಮೇಲೆಯೇ ಮಾಡಿದರು. ಕಚೇರಿಯ ಇಂಜಿನಿಯರ್ ಕೇಳಿದ್ದಕ್ಕೆ ಲೇಪನದ ಇಂಗ್ಲಿಷ್ ಸೂಚನಾ ಹಾಳೆಯನ್ನು ನಾನೇ ಕನ್ನಡಕ್ಕೆ ತಂದು 6-6-2022ರಂದು ಎಲ್ಲರ ಮುಂದೆ ಓದಿದೆ. ಮರಳು ಹೊಡೆದು ತುಕ್ಕು ತೆಗೆದ ಮೇಲೆ ನಾಲ್ಕು ತಾಸಿನೊಳಗೆ ಸಿಂಪಡಿಸಬೇಕು. ಅಷ್ಟರೊಳಗೆ ಬರಿಗೈ ಸಹ ತಾಗಬಾರದು, ಬೆರಳಿನ ಜಿಡ್ಡಿದ್ದರೂ ಲೇಪನ ಹಿಡಿಯುವುದಿಲ್ಲ. ಅಂದೇ ಸುಲ್ತಾನಸಾಬ ಎಣ್ಣೆಯ ಡಬ್ಬಿ ಮನೆಗೆ ಒಯ್ದ.

8-6-2022ರಂದು ಬೆಳಿಗ್ಗೆ 9-30ಕ್ಕೆ ಮರಳು ಹೊಡೆಯುವುದು ಮುಗಿಯಿತು. ಗೇಟು ಹೊಸ ತಾಟಿನಂತೆ ಹೊಳೆಯುತ್ತಿತ್ತು. 10-15ಕ್ಕೆ ಕಚೇರಿಯವರು ಕರೆದ ಅತಿಥಿಗಳು ಬಂದರು, ದಂಡೆಯ ಜನರೂ ಸೇರಿದರು. ಕೆಲಸ ಶುರು ಮಾಡುವ ಮುಂಚೆ ಗೇಟಿಗೆ ಪೂಜೆ ಆಗಲಿ ಎಂದು ಇಂಜಿನಿಯರ್ ಹೇಳಿದರು. ಎಣ್ಣೆಯಲ್ಲಿ ಕಲಸಿದ ಕುಂಕುಮದ ತಟ್ಟೆ ಹಿಡಿದವನು ನಾನು. ಆರು ಅಡಿ ದೂರ ನಿಂತಿದ್ದ ಸುಲ್ತಾನಸಾಬ, ಸಾಹೇಬ್ರ, ಕೈ ಸುದ್ದಾ ಹಚ್ಚಬಾರ್ದಂತ ಸರ್ ಓದ್ಯಾರ್ರಿ, ಎಣ್ಣಿ ಹೆಂಗ ಹಚ್ತೀರಿ ಎಂದು ಕೇಳಿದ. ಅದಕ್ಕೆ ಇಂಜಿನಿಯರ್, ಮೂವತ್ತು ವರ್ಷ ಎಣ್ಣಿ ತಿಕ್ಕಿದಾಂವ ನೀನ, ಈಗ ನಮಗ ಶಾಣ್ಯಾತನ ಹೇಳಾಕ ಬಂದಿ ಏನು ಎಂದರು. ಜನ ನಕ್ಕರು. ಸುಲ್ತಾನಸಾಬ ನನ್ನ ಕಡೆ ನೋಡಿದ. ನಾನೂ ನಕ್ಕೆ. ಇಂಜಿನಿಯರ್ ಮೂರು ಬೆರಳು ಅದ್ದಿ ಗೇಟಿನ ಎಡ ಅಂಚಿನಲ್ಲಿ ಗೀಟು ಎಳೆದರು. ಎಣ್ಣೆ ಕೆಳಗಿನ ತನಕ ಇಳಿಯಿತು. ಯಾರೂ ಒರೆಸಲಿಲ್ಲ. 10-40ಕ್ಕೆ ಸಿಂಪಡಣೆ ಶುರುವಾಯಿತು.

27-7-2022ರಂದು ನೀರು ಬಂತು. 5-8-2022ರ ಹೊತ್ತಿಗೆ ಎಡ ಅಂಚಿನ ಲೇಪನ ಸುಟ್ಟ ಚರ್ಮದಂತೆ ಎದ್ದಿತ್ತು. ಸುಲ್ತಾನಸಾಬ ಕಚೇರಿಗೆ ಎರಡು ಸಲ ಫೋನ್ ಮಾಡಿದ. ನೋಡೋಣ ಎಂದರಂತೆ.

12-8-2022ರಂದು ಬೆಳಿಗ್ಗೆ 6-40ಕ್ಕೆ ನಾನು ವಾಯುವಿಹಾರಕ್ಕೆ ಹೋದಾಗ ಗೇಟು ಸಿಕ್ಕಿಕೊಂಡಿತ್ತು. ಕಿತ್ತ ಲೇಪನ ಸುರುಳಿಯಾಗಿ, ಗೇಟು ಜಾರುವ ಪಕ್ಕದ ಕಂಡಿಯಲ್ಲಿ ಸೇರಿತ್ತು. ಎಂಟರೊಳಗೆ ಎತ್ತಬೇಕೆಂದು ಆದೇಶವಾಗಿದೆ ಎಂದ ಸುಲ್ತಾನಸಾಬ ಗೇಟು ಎತ್ತುವ ಚಕ್ರವನ್ನು ಬಿಗಿಯಾಗಿ ತಿರುವಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕುಡಗೋಲು ಹಿಡಿದು ಗೇಟಿನ ಕೆಳಬದಿಯ ಏಣಿ ಇಳಿದ. ಹಗ್ಗದ ತುದಿ ನನ್ನ ಕೈಯಲ್ಲಿತ್ತು. ಮೊದಲು ಕತ್ತರಿಸಿದ ಪಟ್ಟಿಯನ್ನು ನನ್ನ ಕಾಲ ಬಳಿ ಎಸೆದು, ಸರ್, ನೀವು ಓದಿದ ಹಾಳಿ ಖರೇನ ಐತಿ ನೋಡ್ರಿ ಎಂದ. ಪಟ್ಟಿಯ ಒಳಮೈಗೆ ಮೂರು ಕೆಂಪು ಗೀಟು ಇದ್ದವು. ನಾನು ಬಗ್ಗಿ ಅದನ್ನು ನೋಡುತ್ತಿದ್ದಾಗ ಗೇಟು ಒಮ್ಮೆಲೇ ಅರ್ಧ ಅಡಿ ಮೇಲೆ ಜಿಗಿಯಿತು. ಸಮಯ 7-05. ಅಡಿಯಿಂದ ನುಗ್ಗಿದ ನೀರು ಅವನನ್ನು ಎಳೆದುಕೊಂಡು ಹೋಯಿತು, ಹಗ್ಗ ನನ್ನ ಕೈಯಿಂದ ಜಾರಿತು. ಎರಡೂ ಅಂಗೈಯ ಚರ್ಮ ಹೋಗಿದೆ, ವೈದ್ಯರ ಚೀಟಿ ಲಗತ್ತಿಸಿದ್ದೇನೆ. 4.2 ಕಿಲೋಮೀಟರ್ ಕೆಳಗೆ 11-25ಕ್ಕೆ ಶವ ಸಿಕ್ಕಿತು.

16-8-2022ರಂದು ಕಚೇರಿಯ ಹಲಗೆಗೆ ಒಂದು ಕಾಗದ ಅಂಟಿಸಿದರು. ಮೃತನು ಆದೇಶ ಮೀರಿ ಎಂದಿನಂತೆ ಕುಸುಬಿ ಎಣ್ಣೆ ಸವರಿದ್ದರಿಂದ ಲೇಪನ ಕಿತ್ತಿದೆ, ಸಾವಿಗೆ ಅವನ ನಿರ್ಲಕ್ಷ್ಯವೇ ಕಾರಣ ಎಂದು ಅದರಲ್ಲಿದೆ. ಜನ ನಂಬಿದರು. ಹಳೇ ಚಟ ಎಲ್ಲಿ ಬಿಡ್ತಾನ್ರಿ ಎಂದು ಚಹಾದಂಗಡಿಯಲ್ಲಿ ಅಂದದ್ದನ್ನು ನಾನೇ ಕೇಳಿದ್ದೇನೆ.

17-8-2022ರಂದು ಅವನ ಹೆಂಡತಿ ಶರೀಫಾಬೀ ಆ ಡಬ್ಬಿ ಹಿಡಿದು ನನ್ನ ಮನೆಗೆ ಬಂದರು. ಎಣ್ಣೆ ಬಾಯಿ ತನಕ ಇತ್ತು, ಮುಚ್ಚಳದ ಮೇಲೆ ಧೂಳಿತ್ತು. ಅಡಿಗಿಗಿ ಬಳಸು ಅಂದಿದ್ರು, ಗೇಟಿನ ಎಣ್ಣಿ ಅಂತ ನಾನ ಮುಟ್ಟಿಲ್ರಿ ಎಂದರು. ಹೋದ ಜೀವ ಬರಂಗಿಲ್ಲ, ನೀವು ಅಲ್ಲೇ ಇದ್ರೆಲ್ಲ ಸರ್, ಅವ್ರ ಹೆಸರಾರ ಉಳಸ್ರಿ ಎಂದು ಕೇಳಿದರು. ನಾನು ಡಬ್ಬಿ ಇಸಿದುಕೊಂಡು, ಅಂದು ಗೇಟಿನ ಬಳಿಯಿಂದ ತಂದಿಟ್ಟಿದ್ದ ಪಟ್ಟಿಯ ಪಕ್ಕದಲ್ಲಿ ಇಟ್ಟೆ.

ಡಬ್ಬಿಯನ್ನೂ ಲೇಪನದ ಪಟ್ಟಿಯನ್ನೂ ಈಗ ಠಾಣೆಗೆ ಒಪ್ಪಿಸಿದ್ದೇನೆ. ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ತಿಳಿದೂ ತಟ್ಟೆ ಹಿಡಿದವನೆಂದು ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬೇಕು. ಆಮೇಲೆ ಅದೇ ಗೇಟಿನ ಬಳಿ, ಅಂದು ನಕ್ಕ ಜನರೆಲ್ಲರ ಎದುರು ಈ ಪಟ್ಟಿಯನ್ನು ತಿರುವಿ ಹಿಡಿದು, ಈ ಮೂರು ಬೆರಳು ಯಾರವು ಎಂಬುದಕ್ಕೆ ಕಚೇರಿಯವರು ಬಾಯಿಬಿಟ್ಟು ಉತ್ತರ ಕೊಡಬೇಕು.

ಸ್ಥಳ: ಶಹಾಪುರ
ದಿನಾಂಕ: 19-8-2022
(ಅಂಗೈಗೆ ಪಟ್ಟಿ ಕಟ್ಟಿರುವುದರಿಂದ ರುಜು ವಕ್ರವಾಗಿದೆ)
ಖಂಡಪ್ಪ