ಪ್ರೆಸ್ಸು ಏಕೆ ನಿಲ್ಲಲಿಲ್ಲ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಊಟಕ್ಕೆ ಮುಂಚಿನ ಕೊನೆಯ ಭಾಷಣವನ್ನು ಸಹಿಸಿಕೊಳ್ಳಲೇಬೇಕಾದ ಸಭಿಕರೇ,

ನಮ್ಮ ಸಂಸ್ಥೆ ತಯಾರಿಸುವ ಪ್ರೆಸ್ ಯಂತ್ರದ ದೋಷವನ್ನು ಪತ್ತೆಹಚ್ಚಿದ್ದಕ್ಕಾಗಿ ನನ್ನನ್ನು ಸನ್ಮಾನಿಸುತ್ತಿದ್ದೀರಿ. ಆ ದೋಷವನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಹೇಳುತ್ತೇನೆ.

ತಗಡು ಒತ್ತುವ ಆ ಯಂತ್ರದೊಳಗಿನ ಪುಟ್ಟ ಕಂಪ್ಯೂಟರಿನಲ್ಲಿ ಮೂರು ಥ್ರೆಡ್‌ಗಳು, ಅಂದರೆ ಮೂರು ಕೆಲಸಗಳು. ಒಳಗೆ ಕೈ ಕಂಡರೆ ಪ್ರೆಸ್ಸನ್ನು ನಿಲ್ಲಿಸುವುದು ದೊಡ್ಡ ಕೆಲಸ. ಆಫೀಸಿಗೆ ಲೆಕ್ಕ ಕಳಿಸುವುದು ನಡುವಿನದು. ಪರದೆಯ ಮೇಲೆ ಅಂಕಿ ತೋರಿಸುವುದು ತೀರಾ ಚಿಕ್ಕದು. ಒಂದು ಹೊತ್ತಿಗೆ ಒಂದೇ ನಡೆಯಬೇಕು. ದೊಡ್ಡದು ಬಂದರೆ ಚಿಕ್ಕದು ನಿಲ್ಲಬೇಕು. ಕೈಯನ್ನು ಗುರುತಿಸುವ ಸೆನ್ಸರಿನ ಮಾಹಿತಿಯಿರುವ ಕೋಣೆಗೆ ಮಾತ್ರ ಒಂದೇ ಬೀಗ, ಒಂದೇ ಕೀಲಿ. ಅಪರೂಪಕ್ಕೊಮ್ಮೆ ಚಿಕ್ಕದು ಕೀಲಿ ಹಿಡಿದು ಒಳಗಿರುವಾಗಲೇ ನಡುವಿನದು ಬಂದು, "ನೀನು ಆಮೇಲೆ" ಎಂದು ಅದನ್ನು ತಡೆದು ತನ್ನ ಲೆಕ್ಕ ಶುರುಮಾಡುತ್ತದೆ. ಕೀಲಿ ಒಳಗೇ ಉಳಿಯಿತು. ಎಲ್ಲಕ್ಕಿಂತ ದೊಡ್ಡದು ಕೀಲಿಯಿಲ್ಲದೆ ಬಾಗಿಲಾಚೆ ನಿಂತಿತು. ಅಷ್ಟು ಹೊತ್ತು ಪ್ರೆಸ್ಸು ಕಾಯುತ್ತದೆಯೇ? ಇಳಿಯಿತು.

ಇಳಿದದ್ದು, ಒಂದು ಕಾರ್ಖಾನೆಯಲ್ಲಿ ಆ ಯಂತ್ರ ನಡೆಸುತ್ತಿದ್ದ ನನ್ನ ಅಣ್ಣನ ತೋಳಿನ ಮೇಲೆ. ಆಸ್ಪತ್ರೆ ಮುಟ್ಟುವ ಮೊದಲೇ ಅವನು ತೀರಿಕೊಂಡ.

ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ಆದರೆ ಇದನ್ನು ಬಿಟ್ಟರೆ ಹೇಳುವುದಕ್ಕೇನಿದೆ? ಕೆಲಸಗಾರನ ಅಜಾಗರೂಕತೆ ಎಂದು ನಮ್ಮ ಸಂಸ್ಥೆಯೇ ತೀರ್ಮಾನಿಸಿತು. ಅಣ್ಣ ಗ್ಯಾಸ್ ಆರಿಸಿ, ಬೀದಿಯ ತುದಿಯವರೆಗೆ ಹೋಗಿ, ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುವ ಆಸಾಮಿ. "ಅವರು ಅಜಾಗರೂಕರಾ? ನೀನೇ ಹೇಳು," ಎಂದು ಅತ್ತಿಗೆ ಕೇಳಿದರು. ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಅದೇ ಯಂತ್ರವನ್ನು ಆ ಕಾರ್ಖಾನೆಯಿಂದ ನಮ್ಮಲ್ಲಿಗೆ ತರಿಸಿದೆವು. ಕೈಯಿಡುವ ಜಾಗದಲ್ಲಿ ಮರದ ತುಂಡಿಟ್ಟು ಮತ್ತೆ ಮತ್ತೆ ಓಡಿಸಿದೆ. "ನಾನೂ ನೋಡ್ಬೇಕು" ಎಂದು ಅತ್ತಿಗೆ ಪಟ್ಟುಹಿಡಿದು ಬಂದು ಕೂರುತ್ತಿದ್ದರು. ಪ್ರತಿ ಸಲವೂ ಪ್ರೆಸ್ಸು ಸರಿಯಾಗಿ ನಿಂತಿತು. ಅದು ನಿಂತಾಗಲೆಲ್ಲ ಅಣ್ಣನದೇ ತಪ್ಪು ಎಂದಂತಾಗುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ನಿಲ್ಲಲಿಲ್ಲ. ಮರ ಪುಡಿಯಾಯಿತು. ನಾನು "ಬಂತು! ಬಂತು!" ಎಂದು ಕೂಗಿ ಕುಣಿದುಬಿಟ್ಟೆ. ಜೊತೆಯವರು ಚಪ್ಪಾಳೆ ತಟ್ಟಿದರು.

ಅತ್ತಿಗೆ ಆ ಪುಡಿಯನ್ನೇ ನೋಡುತ್ತಿದ್ದರು. "ಇಷ್ಟು ಬೇಗ ಇಳಿಯುತ್ತಾ?" ಎಂದರು. "ಹಾಗಾದ್ರೆ ಅವರಿಗೆ ಕೂಗೋಕೂ ಹೊತ್ತಿರಲಿಲ್ಲ."

ಚಪ್ಪಾಳೆ ಅಲ್ಲಿಗೇ ನಿಂತಿತು.

ದೋಷಕ್ಕೆ ಪರಿಹಾರ ಇಷ್ಟೇ: ಕೀಲಿ ಹಿಡಿದ ಚಿಕ್ಕ ಕೆಲಸಕ್ಕೆ, ಹೊರಗೆ ಕಾಯುತ್ತಿರುವ ದೊಡ್ಡದರ ಸ್ಥಾನವನ್ನೇ ಆ ಗಳಿಗೆಗೆ ಕೊಟ್ಟರಾಯಿತು, ನಡುವಿನದು ತಡೆಯಲಾರದು. ಒಂದೇ ಸಾಲು ಬರೆದೆ, ಎಲ್ಲ ಯಂತ್ರಗಳಿಗೂ ಹಾಕಿದರು. ಅಣ್ಣನ ಮೇಲಿನ ಅಪವಾದವನ್ನು ಸಂಸ್ಥೆ ಹಿಂತೆಗೆದುಕೊಂಡಿತು. ಕೃತಜ್ಞಳಾಗಿದ್ದೇನೆ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. "ಒಂದೇ ಸಾಲಾ?" ಎಂದಳು. ಆಮೇಲೆ, "ಮೊದ್ಲೇ ಬರೆಯೋಕೆ ಏನಾಗಿತ್ತಂತೆ?" ಎಂದಳು.

ಅಮ್ಮ ಅಲ್ಲಿ, ಬಾಗಿಲ ಪಕ್ಕದ ಸಾಲಿನಲ್ಲಿ ಕೂತಿದ್ದಾಳೆ. ದಯವಿಟ್ಟು ಅವಳನ್ನು ವೇದಿಕೆಗೆ ಕರೆಯಬೇಡಿ. ಉತ್ತರ ಗೊತ್ತಿದ್ದವರು ಯಾರಾದರೂ ಅವಳ ಹತ್ತಿರ ಹೋಗಿ ಹೇಳಿ. ನನ್ನಿಂದ ಆಗಲಿಲ್ಲ.

ಇಷ್ಟು ಹೊತ್ತು ಕೇಳಿದಿರಿ, ಧನ್ಯವಾದ. ನಮಸ್ಕಾರ.