ಕಾಣೆಯಾಗಿದ್ದಾರೆ ಎನ್ನಲಾದ ಕುಸುಮಾ ಎಂಟು ತಿಂಗಳು ಎಲ್ಲಿದ್ದರು ಎಂಬ ಬಗ್ಗೆ

ಹೆಸರು: ಕುಸುಮಾ, ದಿವಂಗತ ಶಿವಯ್ಯನವರ ಮಗಳು. ವಯಸ್ಸು: 47 ವರ್ಷ. ಕಸುಬು: ಈ ಹಿಂದೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಸದ್ಯ ಕೆಲಸವಿಲ್ಲ. ವಾಸ: ಬಾಳೂರು, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

ನಾನು ಇಂದು ದಿನಾಂಕ 16-02-2026ರಂದು ಬೆಳಿಗ್ಗೆ 10-30 ಗಂಟೆಗೆ, ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನನ್ನ ಅಣ್ಣ ವೆಂಕಟೇಶ ಅವರು 29-12-2025ರಂದು ಕೊಟ್ಟ ದೂರಿನಲ್ಲಿ ಕಾಣೆಯಾಗಿದ್ದಾರೆ ಎಂದು ಬರೆದಿರುವ ಕುಸುಮಾ ನಾನೇ. ನನ್ನನ್ನು ಯಾರೂ ಅಪಹರಿಸಿಲ್ಲ, ಪುಸಲಾಯಿಸಿಲ್ಲ, ಮಾರಿಲ್ಲ. ಆ ದೂರಿನಲ್ಲಿ ಅನುಮಾನವಿದೆ ಎಂದು ಹೆಸರಿಸಿರುವ ಬಾಳೂರಿನ ನಿವೃತ್ತ ಪೋಸ್ಟ್‌ಮ್ಯಾನ್ ಓಂಕಾರಪ್ಪ, 66 ವರ್ಷ, ಇವರು ಯಾವ ತಪ್ಪನ್ನೂ ಮಾಡಿಲ್ಲ. ಇದರಲ್ಲಿ ಸುಳ್ಳು ಹೇಳಿದ್ದು ನಾನೊಬ್ಬಳೇ.

ನಾನು ಮದುವೆಯಾಗಿಲ್ಲ. ಬಾಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ 22 ವರ್ಷ ಆಳುಗಳ ಹಾಜರಿ ಬರೆದಿದ್ದೇನೆ. 31-03-2025ರಂದು ತೋಟ ಬೇರೆಯವರ ಕೈಗೆ ಹೋಯಿತು. ಹೊಸ ಮಾಲೀಕರು ಹಾಜರಿಯನ್ನು ಫೋನಿನಲ್ಲೇ ತೆಗೆದುಕೊಳ್ಳುವುದಾಗಿ ತಿಳಿಸಿ, ನನಗೆ ಬರಬೇಕಾದದ್ದನ್ನು ಕೊಟ್ಟು ಕಳಿಸಿದರು. ಕಳಸದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ಅಣ್ಣ, ಸಂಸೆಯ ತಮ್ಮ ಮನೆಗೆ ಬಂದು ಇರಲು ಹೇಳಿದರು. ಅತ್ತಿಗೆಯೂ ಕರೆದರು. ಅವರು ಪ್ರೀತಿಯಿಂದಲೇ ಕರೆದದ್ದು. ನಾನು ಎರಡು ತಿಂಗಳು ಸಮಯ ಕೇಳಿದೆ.

ಏಪ್ರಿಲ್ ಎರಡನೇ ವಾರದಲ್ಲಿ ಒಂದು ದಿನ ಸಂಜೆ ಓಂಕಾರಪ್ಪನವರ ಮನೆಗೆ ಹೋಗಿದ್ದೆ. ಅವರನ್ನು ನಾವೆಲ್ಲ ಪೋಸ್ಟಣ್ಣ ಎನ್ನುತ್ತೇವೆ. ನಿವೃತ್ತಿಯಾದ ಮೇಲೆ ಅವರು ಒಬ್ಬರೇ ಪಿಂಚಣಿ ಹಣದಲ್ಲಿ ಐದು ತಿಂಗಳು ಶ್ರೀಲಂಕಾ, ಮಲೇಷ್ಯಾ, ಥಾಯ್ಲೆಂಡ್ ಸುತ್ತಿ ಬಂದಿದ್ದರು. ಊರಿನಲ್ಲಿ ಅರ್ಧ ಜನ ಅದನ್ನು ನಂಬಿರಲಿಲ್ಲ. ಅವರ ಪಾಸ್‌ಪೋರ್ಟ್‌ನಲ್ಲಿದ್ದ ಮುದ್ರೆಗಳನ್ನು ನಾನು ಒಂದೊಂದಾಗಿ ನೋಡುತ್ತಿದ್ದಾಗ, ನಿಮಗೂ ಹೋಗಬೇಕು ಅಂತ ಇದೆಯಾ ಎಂದು ಅವರು ಕೇಳಿದರು. ನಾನು ಧರ್ಮಸ್ಥಳ, ಮಂಗಳೂರು ಬಿಟ್ಟು ಆಚೆ ಹೋದವಳಲ್ಲ. ಹೌದು ಎಂದೆ. ಹಾಗೆ ಹೇಳಿದ್ದು ನನಗೇ ಆಶ್ಚರ್ಯವಾಯಿತು.

ಅವರು ನನಗೆ ಬರೆದುಕೊಟ್ಟ ಚೀಟಿಯನ್ನು ಅಣ್ಣ ನನ್ನ ಮನೆಯಲ್ಲಿ ಕಂಡು ಠಾಣೆಗೆ ಕೊಟ್ಟಿದ್ದಾರೆ. ಅದರಲ್ಲಿರುವುದರ ಅರ್ಥ ತಪ್ಪಾಗಿ ತಿಳಿಯಲಾಗಿದೆ. "ಹೆಂಗಸರ ರೂಮು, ಎಂಟು ಜನ, ವಾರದ ಮೇಲೆ ಮಾತಾಡಿ" ಎಂದಿರುವುದು ಪ್ರವಾಸಿಗಳು ಉಳಿಯುವ ಸಾಲು ಮಂಚದ ಕೋಣೆಯ ಬಗ್ಗೆ. ಅಲ್ಲಿ ಒಬ್ಬರಿಗೆ ಒಂದು ಮಂಚ. ದಿನಕ್ಕೆ ಕೇಳಿದರೆ ಒಂದು ಬೆಲೆ, ವಾರಕ್ಕೆ ಕೇಳಿದರೆ ಕಡಿಮೆ. "ಎಷ್ಟು ದಿನ ಅಂತ ಯಾರಿಗೂ ಹೇಳಬೇಡಿ" ಎಂದಿರುವುದು ಬಸ್‌ಸ್ಟ್ಯಾಂಡಿನಲ್ಲಿ ಮೈಮೇಲೆ ಬೀಳುವ ಗಾಡಿಯವರ ಬಗ್ಗೆ. "ಪಾಸ್‌ಪೋರ್ಟ್ ಯಾರ ಕೈಗೂ ಬೇಡ, ಮೈಮೇಲೆ" ಎಂದಿರುವುದಕ್ಕೆ ಅವರ ಹೆಂಡತಿ ದ್ಯಾವಮ್ಮನವರೇ ನನ್ನ ಲಂಗದ ಒಳಗೆ ಜೇಬು ಹೊಲಿದುಕೊಟ್ಟರು. ಬೇರೆಯವರ ಪಾಸ್‌ಪೋರ್ಟ್ ಕಸಿದುಕೊಳ್ಳುವವರು ಹೀಗೆ ಬರೆಯುವುದಿಲ್ಲ ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ.

ಹೊರಡುವ ಮೂರು ದಿನ ಮುಂಚೆ ನಾನು ತುಂಬಿಸಿದ ಚೀಲವನ್ನು ಅವರು ಕಾಫಿ ತೂಗುವ ಕೊಕ್ಕೆಗೆ ನೇತುಹಾಕಿದರು. 13 ಕೆಜಿ 400 ಗ್ರಾಂ ಬಂತು. ಅವರು ಕುಕ್ಕರ್, ನಾಲ್ಕು ಸೀರೆ, ಎರಡು ಕೆಜಿ ಅವಲಕ್ಕಿ ಹೊರಗೆ ತೆಗೆದಿಟ್ಟರು. "ರೈಟ್ರಮ್ಮ, ಮೂವತ್ತು ವರ್ಷ ನಾನು ಚೀಲ ಹೊತ್ತಿದ್ದೀನಿ. ಭಾರ ಆದ್ರೆ ಕಣ್ಣು ನೆಲ ನೋಡ್ತದೆ. ನೀವು ಹೋಗೋದು ನೆಲ ನೋಡ್ಲಿಕ್ಕಲ್ಲ" ಎಂದರು. ಕೊನೆಗೆ 6 ಕೆಜಿ 800 ಗ್ರಾಂ ಆಯಿತು.

ಅಣ್ಣನಿಗೆ ಹೃಷಿಕೇಶದ ಒಂದು ಆಶ್ರಮದಲ್ಲಿ ಅಡುಗೆಮನೆಯ ಸಾಮಾನು ಬರೆಯುವ ಕೆಲಸ ಸಿಕ್ಕಿದೆ ಎಂದು ಹೇಳಿದೆ. ಇದೇ ಆ ಸುಳ್ಳು. ನಿಜ ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ, ಅಳುತ್ತಿದ್ದರು, ನಾನು ಉಳಿದುಬಿಡುತ್ತಿದ್ದೆ. ಅಣ್ಣನಿಗೆ ನಾನೇ ಹೇಳುವವರೆಗೆ ತಿಳಿಸಬೇಡಿ ಎಂದು ಓಂಕಾರಪ್ಪನವರನ್ನು ಕೇಳಿಕೊಂಡಿದ್ದೂ ನಾನೇ. ಅವರಿಗೆ ಅದು ಇಷ್ಟವಿರಲಿಲ್ಲ. ಬೇಗ ಹೇಳಿಬಿಡಿ ಎಂದು ಎರಡು ಸಲ ಎಚ್ಚರಿಸಿದ್ದರು.

ಹೊಸದಾಗಿ ಪಾಸ್‌ಪೋರ್ಟ್ ಮಾಡಿಸಿಕೊಂಡು 05-06-2025ರಂದು ಬೆಂಗಳೂರಿನಿಂದ ವಿಮಾನದಲ್ಲಿ ಹೊರಟೆ. ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಲಾವೋಸ್ ಎಂಬ ನಾಲ್ಕು ದೇಶಗಳಲ್ಲಿ ಇದ್ದೆ. ಎಲ್ಲಿಯೂ ಅವಧಿ ಮೀರಿ ಉಳಿದಿಲ್ಲ. ಪಾಸ್‌ಪೋರ್ಟ್‌ನ ಪ್ರತಿ ಕೊಟ್ಟಿದ್ದೇನೆ. ದಿನದ ಖರ್ಚು ನಮ್ಮ ತೋಟದ ಇಬ್ಬರು ಆಳುಗಳ ಕೂಲಿಯೊಳಗೆ ಮುಗಿಯುತ್ತಿತ್ತು. ಹಣ ಎಲ್ಲಿಂದ ಬಂತು ಎಂದು ಕೇಳಿದ್ದರಿಂದ ತಿಳಿಸುತ್ತಿದ್ದೇನೆ, ಅದು ಎಸ್ಟೇಟು ಬಿಡುವಾಗ ನನಗೆ ಕೊಟ್ಟ ಹಣ. ಒಂದೇ ಊರಿನಲ್ಲಿ ಎರಡು ಮೂರು ವಾರ ಇರುತ್ತಿದ್ದೆ. ಲಾರಿ ಡ್ರೈವರುಗಳು ಊಟಕ್ಕೆ ನಿಲ್ಲಿಸುವ ಕಡೆ, ಅವರ ತಟ್ಟೆ ತೋರಿಸಿ ಅದನ್ನೇ ಕೊಡಿ ಎನ್ನುತ್ತಿದ್ದೆ. ಹೊಸ ಊರಿಗೆ ಬೆಳಕಿರುವಾಗಲೇ ತಲುಪುತ್ತಿದ್ದೆ. ಮೊದಲ ವಾರ ಕೌಲಾಲಂಪುರದಲ್ಲಿ ಮಂಚದ ಮೇಲೆ ಕುಳಿತು ಎರಡು ಸಲ ಅತ್ತಿದ್ದೇನೆ. ಮೇಲಿನ ಮಂಚದಲ್ಲಿದ್ದ, ಯಾವ ದೇಶದವಳೋ ತಿಳಿಯದ ಹುಡುಗಿ ಇಳಿದು ಬಂದು ಒಂದು ಕಿತ್ತಳೆ ಸುಲಿದು ಕೊಟ್ಟು ಮತ್ತೆ ಹತ್ತಿ ಮಲಗಿದಳು. ಆಮೇಲೆ ಅಳಲಿಲ್ಲ.

ಆಗಸ್ಟ್ 19ರಂದು ಬೆಳಿಗ್ಗೆ 5-50ಕ್ಕೆ ಥಾಯ್ಲೆಂಡಿನ ಗಡಿಯ ಒಂದು ಊರಿನಲ್ಲಿ ಮೆಕಾಂಗ್ ನದಿಯನ್ನು ಮೊದಲು ನೋಡಿದೆ. ನಾನು ಭದ್ರಾ ಹೊಳೆಯನ್ನು ಹುಟ್ಟಿದಾಗಿನಿಂದ ಕಂಡವಳು. ಮಳೆಗಾಲದಲ್ಲಿ ಅದು ಕೆಂಪಗೆ ತುಂಬಿ ಹರಿಯುವಾಗ ಇದಕ್ಕಿಂತ ದೊಡ್ಡದು ಇರಲಾರದು ಎಂದು ತಿಳಿದಿದ್ದೆ. ಇದರಲ್ಲಿ ಆಚೆ ದಡ ಬೇರೆ ದೇಶವಾಗಿತ್ತು. ಬೇರಿನ ಸಮೇತ ದೊಡ್ಡ ಮರಗಳು ಕಡ್ಡಿಯ ಹಾಗೆ ತೇಲಿ ಹೋಗುತ್ತಿದ್ದವು. ಅಷ್ಟು ನೀರು ಹೋಗುತ್ತಿದ್ದರೂ ಸದ್ದೇ ಇರಲಿಲ್ಲ. ನಾನು 7-10ರವರೆಗೆ ಅಲ್ಲೇ ನಿಂತಿದ್ದೆ. ಆ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ಕೇಳಿದರೆ, ಏನೂ ಮಾಡಲಿಲ್ಲ. ಉಸಿರಾಡಿದೆ. ವಿಯೆಟ್ನಾಂನಲ್ಲಿ ಗುಡ್ಡದ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಭತ್ತದ ಗದ್ದೆ ನೋಡಿದೆ. ಅರವತ್ತನಾಲ್ಕರವರೆಗೆ ಎಣಿಸಿದೆ, ಮೇಲಿನವು ಮೋಡದೊಳಗಿದ್ದವು.

ನವೆಂಬರ್ 27ರಂದು ಲಾವೋಸಿಗೆ ಹೋದೆ. ಅಲ್ಲಿನ ದಕ್ಷಿಣದ ಎತ್ತರದ ಸೀಮೆಯಲ್ಲಿ ಕಾಫಿ ಬೆಳೆಯುತ್ತಾರೆ. ಡಿಸೆಂಬರ್ 3ರಂದು ಬಸ್ಸಿನ ಕಿಟಕಿಯಿಂದ ಅಂಗಳದಲ್ಲಿ ಒಣಗಲು ಹರಡಿದ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿದ ಕಾಫಿ ಬೀಜ, ಕಂಡು ಇಳಿದುಬಿಟ್ಟೆ. ಬುನ್ಮಿ ಎಂಬ ಸುಮಾರು ಎಪ್ಪತ್ತು ವರ್ಷದ ಹೆಂಗಸು ಅದನ್ನು ಕಾಲಿನಿಂದ ಕೆದಕುತ್ತಿದ್ದರು. ಅವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಒಂದು ಬೀಜ ಎತ್ತಿ, ಒಣಗಿದೆಯಾ ಎಂದು ಹಲ್ಲಿನಲ್ಲಿ ಕಚ್ಚಿ ನೋಡಿದೆ. ಅದೇ ಗಳಿಗೆಯಲ್ಲಿ ಅವರೂ ಒಂದು ಎತ್ತಿ ಕಚ್ಚಿದರು. ಇಬ್ಬರೂ ಇನ್ನೂ ಇಲ್ಲ ಎಂದು ತಲೆಯಾಡಿಸಿದೆವು. ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ಅವರ ಮನೆಯಲ್ಲಿಯೇ ಉಳಿದೆ. ಕೂಲಿ ಪಡೆದಿಲ್ಲ. ಕೈ ಸುಮ್ಮನಿರದ ಕಾರಣ ಕೆಲಸದಲ್ಲಿ ಜೊತೆಯಾದೆ, ಅಷ್ಟೇ.

ಡಿಸೆಂಬರ್ 14, ಭಾನುವಾರ, ಮಧ್ಯಾಹ್ನ 3-15ಕ್ಕೆ ಪಶ್ಚಿಮದಲ್ಲಿ ಕಪ್ಪು ಕಟ್ಟಿತು. ಅದು ಅಲ್ಲಿ ಮಳೆಯ ಕಾಲವಲ್ಲವಾದ್ದರಿಂದ ಯಾರೂ ನೋಡಿರಲಿಲ್ಲ. ನಾನು "ಮಳೆ ಬಂತು, ಟಾರ್ಪಾಲ್ ತಗೊಂಡ್ ಬನ್ನಿ, ಓಡಿ!" ಎಂದು ಕನ್ನಡದಲ್ಲಿ ಕೂಗಿದೆ. ಹನ್ನೊಂದು ಜನ ಓಡಿ ಬಂದರು. ಒಬ್ಬರೂ ಏನೆಂದು ಕೇಳಲಿಲ್ಲ. ಏಳು ನಿಮಿಷದಲ್ಲಿ ಇಡೀ ಅಂಗಳ ಮುಚ್ಚಿದೆವು, ಎಂಟನೇ ನಿಮಿಷಕ್ಕೆ ಮಳೆ ಬಿತ್ತು. ಬುನ್ಮಿಯವರು ತೊಯ್ದುಕೊಂಡು ನಿಂತು ಜೋರಾಗಿ ನಕ್ಕರು, ನಾನೂ ನಕ್ಕೆ. ಆ ಗಡಿಬಿಡಿಯಲ್ಲಿ ನನ್ನ ಫೋನ್ ಕಾಫಿ ತೊಳೆಯುವ ತೊಟ್ಟಿಗೆ ಬಿದ್ದು ಹಾಳಾಯಿತು.

ಅಲ್ಲಿಯವರೆಗೆ ಆಶ್ರಮದಲ್ಲಿರುವವಳಂತೆಯೇ ಅಣ್ಣನಿಗೆ ಆಗಾಗ ಫೋನ್ ಮಾಡುತ್ತಿದ್ದೆ, ಅದು ನಿಂತದ್ದರಿಂದಲೇ ಅವರು ಹುಡುಕಿ ದೂರು ಕೊಟ್ಟದ್ದು. ಅಣ್ಣನ ನಂಬರ್ ನನಗೆ ಬಾಯಿಗೆ ಬರುತ್ತಿರಲಿಲ್ಲ. ಕಾಗದದಲ್ಲಿ ಬರೆದಿಟ್ಟುಕೊಳ್ಳಿ ಎಂದು ಓಂಕಾರಪ್ಪನವರು ಹೇಳಿದ್ದನ್ನು ನಾನು ಪಾಲಿಸಿರಲಿಲ್ಲ. ಡಿಸೆಂಬರ್ 22ರಂದು ಸುಮಾರು 50 ಕಿಲೋಮೀಟರ್ ದೂರದ ಪೇಟೆಗೆ ಹೋಗಿ, ಅಣ್ಣನಿಗೆ ನಿಜವನ್ನೆಲ್ಲ ಬರೆದು ಒಂದು ಕಾರ್ಡ್ ಹಾಕಿದೆ. ಅದು ಸಂಸೆಗೆ ತಲುಪಿದ್ದು ಜನವರಿ 30ಕ್ಕೆ. ಯಾರೋ ಹೆದರಿಸಿ ಬರೆಸಿದ್ದಾರೆ ಎಂದು ತಿಳಿದು ಅಣ್ಣ ಅದನ್ನೂ ಠಾಣೆಗೆ ತಂದುಕೊಟ್ಟರು.

ಕಾರ್ಡ್ ಹಾಕಿದ ಮೇಲೆ ನಾನು ಬೇರೆ ಫೋನ್ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ನಲವತ್ತೇಳು ವರ್ಷದಲ್ಲಿ ಮೊದಲ ಸಲ ನಾನು ಎಲ್ಲಿದ್ದೇನೆ ಎಂದು ಯಾರಿಗೂ ಗೊತ್ತಿರಲಿಲ್ಲ, ಮತ್ತು ನನಗೆ ಅದು ಇಷ್ಟವಾಯಿತು. ಇದನ್ನು ಬರೆದುಕೊಳ್ಳಬೇಕು. ಏಕೆಂದರೆ ಅದೇ ದಿನಗಳಲ್ಲಿ ಓಂಕಾರಪ್ಪನವರನ್ನು ವಿಚಾರಣೆಗೆ ಹನ್ನೊಂದು ಸಲ ಕರೆಸಲಾಗಿತ್ತು. ಅವರ ಪಾಸ್‌ಪೋರ್ಟ್‌ನ ಮುದ್ರೆಗಳಿಂದಲೇ ಅವರು ಹೆಂಗಸರನ್ನು ಹೊರದೇಶಕ್ಕೆ ಸಾಗಿಸುವ ಏಜೆಂಟ್ ಇರಬೇಕೆಂಬ ಅನುಮಾನ ಹೆಚ್ಚಿತ್ತು. ಅವರು ಪ್ರತಿ ಸಲವೂ "ನೋಡ್ಲಿಕ್ಕೆ ಹೋಗಿದ್ದಾರೆ ಸಾರ್, ನೋಡಿ ಆದ್ಮೇಲೆ ಬರ್ತಾರೆ" ಎಂಬ ಒಂದೇ ಮಾತು ಹೇಳಿದ್ದಾರೆ. ಊರಿನವರು ಅವರ ಮನೆಗೆ ಬರುವುದನ್ನು ಬಿಟ್ಟರು. ದ್ಯಾವಮ್ಮನವರನ್ನು ಸ್ವಸಹಾಯ ಸಂಘದ ಸಭೆಗೆ ಕರೆಯಲಿಲ್ಲ. ಇದೆಲ್ಲ ನನ್ನಿಂದ ಆದದ್ದು.

ಫೆಬ್ರವರಿ 8ರಂದು ಅದೇ ಪೇಟೆಯ ಲಾಡ್ಜಿನಲ್ಲಿ ಒಬ್ಬ ಪ್ರವಾಸಿ ತನ್ನ ಫೋನಿನ ಮ್ಯಾಪಿನಲ್ಲಿ ಅಣ್ಣನ ಅಂಗಡಿ ಹುಡುಕಿ, ಅದರಲ್ಲಿದ್ದ ನಂಬರ್ ತೋರಿಸಿದ. ಬೆಳಿಗ್ಗೆ 11-20ಕ್ಕೆ ಮಾತನಾಡಿದೆ. ಅಣ್ಣ ದನಿ ತಗ್ಗಿಸಿ ಕೇಳಿದ್ದನ್ನು ಇದ್ದಂತೆಯೇ ಹೇಳುತ್ತೇನೆ.

"ಕುಸುಮಾ, ಹೆದರ್ಬೇಡ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಹ್ಞೂಂ ಅಂತ ಮಾತ್ರ ಹೇಳು. ಎಷ್ಟು ಜನ ಇದ್ದಾರೆ?"

"ಅಣ್ಣಾ, ಯಾರೂ ಇಲ್ಲ. ನಾನೊಬ್ಳೇ ಇದ್ದೀನಿ. ಚೆನ್ನಾಗಿದ್ದೀನಿ."

ಅವರು "ಎಂಥಾ ಹೆಂಗಸು ಮಾರಾಯ್ತಿ ನೀನು" ಎಂದು ಅತ್ತರು. "ಆ ಪೋಸ್ಟಣ್ಣನಿಗೆ ನಾನು ಏನು ಮಾಡ್ಬಿಟ್ಟೆ" ಎಂದೂ ಅಂದರು. ಓಂಕಾರಪ್ಪನವರಿಗೆ ಆದದ್ದನ್ನು ಅಣ್ಣನಿಂದ ಪೂರ್ತಿ ಕೇಳಿದ ಮೇಲೆ ನಾನು ಹೊರಟೆ. ಬುನ್ಮಿಯವರು ಬಸ್ಸಿನವರೆಗೆ ಬಂದು ಹೊರಡುವವರಿಗೆ ಅಲ್ಲಿ ಕಟ್ಟುವ ಬಿಳಿ ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿದರು.

ಫೆಬ್ರವರಿ 13ರಂದು ಸಂಜೆ 4-40ಕ್ಕೆ ಬಾಳೂರಿನಲ್ಲಿ ಬಸ್ಸಿಳಿದೆ. ಅಣ್ಣ ನನಗಿಂತ ಮುಂಚೆ ಬಂದು ಕಾಯುತ್ತಿದ್ದರು. ಇಬ್ಬರೂ ನೇರವಾಗಿ ಓಂಕಾರಪ್ಪನವರ ಮನೆಗೆ ನಡೆದೆವು. ಅಣ್ಣ ಜಗುಲಿಯ ಕೆಳಗೇ ನಿಂತು, ತಪ್ಪಾಯಿತು ಎಂದರು. ನಾನು ಅದಕ್ಕೂ ದೊಡ್ಡ ತಪ್ಪು ನನ್ನದು ಎಂದೆ. ಓಂಕಾರಪ್ಪನವರು ಸ್ವಲ್ಪ ಸೊರಗಿದ್ದರು. ಅವರು, ಬೇಜಾರಾಗಿದ್ದು ನಿಜ, ಸುಳ್ಳು ಹೇಳೋದಿಲ್ಲ ಎಂದರು. ಆಮೇಲೆ ಮಣೆ ಎಳೆದು, "ಮೇಲೆ ಬನ್ನಿ ವೆಂಕಟೇಶಣ್ಣ. ರೈಟ್ರಮ್ಮ, ಮೊದ್ಲಿಂದ ಹೇಳಿ. ಒಂದೂ ಬಿಡ್ಬೇಡಿ" ಎಂದರು.

ನಾನು ಎರಡೂವರೆ ಗಂಟೆ ಹೇಳಿದೆ. ಅಣ್ಣ ಎದ್ದು ಹೋಗಲಿಲ್ಲ. ನದಿಯ ವಿಷಯ ಬಂದಾಗ, ಆಚೆ ದಡದಲ್ಲಿ ಮನುಷ್ಯರು ಕಾಣುತ್ತಾರಾ ಎಂದು ಅವರೇ ಕೇಳಿದರು. ಕಾಣುವುದಿಲ್ಲ, ಹೊಗೆ ಮಾತ್ರ ಕಾಣುತ್ತದೆ ಎಂದೆ.

ದ್ಯಾವಮ್ಮನವರು ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ನಾನು ಮುಗಿಸಿದ ಮೇಲೆ ಅವರು, "ನಂಗೆ ಅರವತ್ತೊಂದು. ಮಂಡಿ ಬೇರೆ ನೋವು. ಅಲ್ಲಿಗೆಲ್ಲ ನನ್ನಿಂದ ಆಗ್ತದಾ ಕುಸುಮಾ?" ಎಂದು ಕೇಳಿದರು.

ಓಂಕಾರಪ್ಪನವರು ತಿರುಗಿ ನೋಡಿ, "ನಿಂಗೆ ಹೋಗ್ಬೇಕು ಅಂತ ಇತ್ತಾ?" ಎಂದರು.

"ನೀವು ಕೇಳ್ಲೇ ಇಲ್ವಲ್ಲ" ಎಂದರು ದ್ಯಾವಮ್ಮನವರು.

ಮರುದಿನ, ಅಂದರೆ 14-02-2026ರಂದು ಬೆಳಿಗ್ಗೆ 11 ಗಂಟೆಗೆ ಮೂಡಿಗೆರೆಯ ಒಂದು ಸೈಬರ್ ಸೆಂಟರಿನಲ್ಲಿ ದ್ಯಾವಮ್ಮನವರ ಹೆಸರಿನಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇವೆ. ಜೊತೆಗೆ ಹೋದದ್ದು ನಾನು ಮತ್ತು ಅಣ್ಣ. ಆ ಅರ್ಜಿ ಪರಿಶೀಲನೆಗೆ ಇದೇ ಠಾಣೆಗೆ ಬರುತ್ತದೆ. ಅವರ ಮನೆಯವರ ಹೆಸರು ನನ್ನ ಕಾರಣದಿಂದ ಇಲ್ಲಿನ ಕಡತದಲ್ಲಿ ಸೇರಿದೆ. ಆದ್ದರಿಂದ ಈ ನನ್ನ ಹೇಳಿಕೆಯನ್ನು ಆ ಅರ್ಜಿಯ ಜೊತೆಗೂ ಒಂದು ಪ್ರತಿ ಇಡಬೇಕೆಂದು, ಮತ್ತು ವಿಳಂಬ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ. ಅವರು ಮಳೆಗಾಲಕ್ಕೆ ಮುಂಚೆ ಹೊರಡಬೇಕೆಂದಿದ್ದಾರೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಆಡಿದ ಮಾತಿಗೆ ಏನೂ ಸೇರಿಲ್ಲ, ಏನೂ ಬಿಟ್ಟುಹೋಗಿಲ್ಲ. ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 16-02-2026, ಮಧ್ಯಾಹ್ನ 1-05 ಗಂಟೆ

(ಸಹಿ) ಕುಸುಮಾ