ಪಕ್ಕದ ಸೀಟಿನ ಕಾಲು

...ಅಲ್ಲ, ನನ್ನ ಮುಖ ಯಾಕೆ ನೋಡ್ತೀಯ? ಬೈಬೇಕಾದ್ದು ಆ ವೆಬ್‌ಸೈಟಿನವರನ್ನ. ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ "ಅಭಿನಂದನೆಗಳು, ನಿಮ್ಮ ಕೋರ್ಸ್ ಮುಗಿಯಿತು" ಅಂತ ಬರುತ್ತೆ ಅಂದ್ರೆ? ಏಳು ತಿಂಗಳಾದ್ರೂ ನಾಲ್ಕನೇ ಪಾಠದಲ್ಲೇ ಇರೋಳಿಗೆ ಇಪ್ಪತ್ತನಾಲ್ಕೂ ಮುಗೀತು ಅಂದ್ರೆ? ತಲೆ ನೆಟ್ಟಗಿದೆಯಾ ಅವರಿಗೆ? ಫೋನ್ ನಂಬರ್ ಕೊಡು, ನಾನು ವಿಚಾರಿಸ್ಕೊತೀನಿ. ನಂಬರ್ ಇಲ್ವಾ? ನೋಡು, ಇಲ್ಲೇ ಗೊತ್ತಾಗುತ್ತೆ ಎಂಥಾ ಜನ ಅಂತ.

ಕೂತ್ಕೋ ಮೊದಲು. ಟೀ ಆರ್ತಿದೆ.

ನಾನು ಆವತ್ತೇ ಬಡ್ಕೊಂಡೆ. ಜೇಡರ ಬಲೆ ನೋಡೋಕೂ ಒಂದು ಕೋರ್ಸಾ ಅಂತ. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಇಷ್ಟು ದಿನದಲ್ಲಿ ಮುಗಿಸಿ ಅನ್ನೋದೂ ಇಲ್ಲ. ಕಂಡಿದ್ದನ್ನ ಬರೀಬೇಕಂತೆ, ಚಿತ್ರ ಬಿಡಿಸಬೇಕಂತೆ, ವಾರಕ್ಕೆ ಒಂದೇ ಒಂದು ಪ್ರಶ್ನೆ ಕೇಳಬೇಕಂತೆ. ಆ ಟೀಚರಮ್ಮ ವಾರ ಬಿಟ್ಟು ಉತ್ತರ ಬರೀತಾಳಂತೆ. ಉತ್ತರಾನಾ ಅದು? "ಇನ್ನೊಂದ್ಸಲ ನೋಡಿ, ನಿಮಗೇನು ಅನ್ಸುತ್ತೆ?" ಅಂತ ತಿರುಗಿಸಿ ನಿನ್ನನ್ನೇ ಕೇಳ್ತಾಳೆ. ನಾನು ಹಾಗೆ ಕಲಿಸಿದ್ರೆ ಡ್ರೈವಿಂಗ್ ಸ್ಕೂಲಿಗೆ ಎಂದೋ ಬಾಗಿಲು ಹಾಕ್ಬೇಕಿತ್ತು. ನನ್ನ ಹತ್ರ ಇಪ್ಪತ್ತೊಂದು ದಿನ. ಕ್ಲಚ್ ಒತ್ತು ಅಂದ್ರೆ ಒತ್ತಬೇಕು. ಇಪ್ಪತ್ತೆರಡನೇ ದಿನ ಲೈಸೆನ್ಸು.

ಯಾಕೆ ನಗ್ತೀಯ? ಗೊತ್ತು, ಗೊತ್ತು, ನೀನೇನು ನೆನೆಸ್ಕೊಂಡೆ ಅಂತ. ಮೂರನೇ ದಿನಕ್ಕೇ ಕಾರನ್ನ ನಡುರಸ್ತೇಲಿ ಬಿಟ್ಟು ಇಳಿದು ಹೋದವಳು ನೀನು. "ಕ್ಲಚ್ ಒತ್ತಿದ್ರೆ ಒಳಗೆ ಏನಾಗುತ್ತೆ?" ಅಂತ ಕೇಳಿದೆ. ಹಿಂದೆ ಲಾರಿಯವನು ಹಾರ್ನ್ ಹೊಡೀತಾ ಇದ್ದ. "ಬಾಯಿ ಮುಚ್ಕೊಂಡು ಒತ್ತು" ಅಂದೆ, ನೀನು ಒತ್ತೋಕೆ ಮುಂಚೆ ನಾನೇ ಒತ್ತಿದೆ. ಅಷ್ಟಕ್ಕೇ ಇಳಿದುಬಿಟ್ಟೆ. ಹತ್ತೊಂಬತ್ತು ವರ್ಷ ಆಯ್ತು, ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಊರಿಗೆಲ್ಲ ಕಲಿಸಿದ ಭಾವ ಹೆಂಡತಿಗೆ ಕಲಿಸೋಕಾಗ್ಲಿಲ್ಲ ಅಂತ ನಿನ್ನ ತಮ್ಮ ಇವತ್ತಿಗೂ ಆಡ್ಕೋತಾನೆ.

ಕಲಿಸೋನ ಕಡೇನೂ ಕ್ಲಚ್ಚು, ಬ್ರೇಕು ಯಾಕಿಟ್ಟಿರ್ತಾರೆ? ಕಲಿಯೋರು ತಡ ಮಾಡಿದ್ರೆ ಒತ್ತಲಿ ಅಂತ ತಾನೆ? ಇಪ್ಪತ್ತಾರು ವರ್ಷದಿಂದ ಒತ್ತಿ ಒತ್ತಿ, ಈಗ ಟಿವೀಲಿ ಕಾರು ಓಡಿದ್ರೂ ನನ್ನ ಕಾಲು ನೆಲ ಒತ್ತುತ್ತೆ. ಜಗಳ ಬಂದ್ರೂ ಒತ್ತುತ್ತೆ. ನೀನೇ ಬೈತಿರ್ತೀಯಲ್ಲ.

ಸರಿ ಬಿಡು. ಮತ್ತೆ ಮೊದಲಿಂದ ಸೇರ್ಕೋ, ಅದಕ್ಕೇನಂತೆ?

ಆಗಲ್ವಾ? ಮುಗಿಸಿದವರ ಪುಟ ಮುಚ್ಚಿಬಿಡ್ತಾರಾ? ಅಂದ್ರೆ... ನೀನು ಬರೆದಿದ್ದೆಲ್ಲ? ಚಿತ್ರಗಳೂ? ಹೋದ ವಾರ ಕೇಳಿದ್ದಕ್ಕೆ ಅವಳ ಉತ್ತರಾನೂ ಬರಲ್ವಾ?

ಅಯ್ಯೋ. ಇದು ನಂಗೆ ಗೊತ್ತಿರ್ಲಿಲ್ಲ.

ಹೋಗ್ಲಿ, ಅಳಬೇಡ. ಏನು ಮಹಾ ಪ್ರಶ್ನೆ ಅದು? ಅಡುಗೆಮನೆ ಕಿಟಕೀಲಿ ರಾತ್ರಿ ಇದ್ದ ಬಲೆ ಬೆಳಗ್ಗೆ ಎಲ್ಲಿ ಹೋಗುತ್ತೆ ಅಂತ ತಾನೆ? ಅದಕ್ಕೆ ಟೀಚರಮ್ಮ ಯಾಕೆ ಬೇಕು? ಜೇಡಾನೇ ತಿನ್ನುತ್ತೆ ಕಣೇ. ಹಳೇ ಬಲೆ ತಿಂದು, ಅದರಿಂದಾನೇ ಹೊಸ ನೂಲು ಮಾಡ್ಕೊಳ್ಳುತ್ತೆ. ಒಂಬತ್ತನೇ ಪಾಠದಲ್ಲಿ ಚಿತ್ರ ಸಮೇತ...

ಏನು?

ಎಲ್ಲೋ ಓದಿದ್ದೆ ಮಾರಾಯ್ತಿ. ಪೇಪರಲ್ಲಿ. ನಾನು ಪೇಪರ್ ಓದಬಾರ್ದಾ? ಒಂಬತ್ತು ಅಂತ ಬಾಯಿಗೆ ಬಂತು, ಅಂದೆ. ನೀನೇ ನೋಡಿ ಕಂಡು ಹಿಡೀಬೇಕು ಅಂತಿದ್ದೆ, ನಾನು ಹೇಳಿಬಿಟ್ಟೆ, ಅದೊಂದು ತಪ್ಪಾಯ್ತು, ಒಪ್ಕೊತೀನಿ. ಆದ್ರೆ ಪಾಠ ಮುಚ್ಚಿದ್ದು ಅವರು. ಅವರ ಮೇಲೆ ಕೋಪ ಮಾಡ್ಕೋ. ಬಿಡಲ್ಲ ಅವರನ್ನ ನಾನು, ಕಾಗದ ಬರೀತೀನಿ, ಕೇಸ್ ಹಾಕ್ತೀನಿ... 

ಕೆಳಗೇನು ನೋಡ್ತಾ ಇದ್ದೀಯ?

ಮೇಜಿನ ಕೆಳಗೆ ಏನಿದೆ? ನನ್ನ ಕಾಲು. ಕಾಲು ಅದರ ಪಾಡಿಗೆ ಅದು...

ಹೂಂ ಕಣೇ. ನಾನೇ ಒತ್ತಿದ್ದು. ನೀನು ನಿನ್ನೆ ಮಧ್ಯಾಹ್ನ ನಿನ್ನ ತಮ್ಮನ ಮನೆಗೆ ಹೋಗಿದ್ದಾಗ. "ಮುಂದಿನ ಪಾಠ" ಅಂತಿತ್ತು, ಒತ್ತಿದೆ. ಮತ್ತೆ ಅದೇ ಬಂತು, ಮತ್ತೆ ಒತ್ತಿದೆ. ಇಪ್ಪತ್ತು ಸಲ. ಮುಗಿಸಿಕೊಟ್ರೆ ಖುಷಿ ಪಡ್ತೀಯ ಅನ್ಕೊಂಡೆ... ಇಲ್ಲ, ಸುಳ್ಳು. ಹೊಟ್ಟೆ ಉರೀತು ನಂಗೆ. ಆ ಗುರುತಿಲ್ಲದ ಹೆಂಗಸನ್ನ ವಾರ ವಾರ ಅದು ಯಾಕೆ, ಇದು ಹೇಗೆ ಅಂತ ಕೇಳ್ತಿದ್ದೆ. ನನ್ನನ್ನ, ಆ ಲಾರಿಯವನು ಹಾರ್ನ್ ಹೊಡೆದ ದಿನದಿಂದ, ಊಟಕ್ಕೆ ಎಷ್ಟೊತ್ತಿಗೆ ಬರ್ತೀರ ಅನ್ನೋದು ಬಿಟ್ಟು ಬೇರೇನೂ ಕೇಳಿಲ್ಲ ನೀನು.

ಬೈ. ಆ ಲೋಟ ಎತ್ತಿ ಎಸಿ. ಸುಮ್ನೆ ಕೂರಬೇಡ. ಯಾಕೆ ಹೀಗೆ ಮಾಡಿದ್ರಿ ಅಂತ ಒಂದ್ಸಲ ಕೇಳೇ.